ಅರ್ಧ ಕೊಡ ಅಂದವರು ಲೆಕ್ಕ ಕೊಟ್ಟರೇ?

ಹತ್ತು ವರ್ಷದಿಂದ ಭಜನಾ ಮಂಡಳಿಯಲ್ಲಿದ್ದೀರಿ. ಈಚೆಗೆ ನೀವು ಬಾಯಿ ತೆರೆದರೆ ಸಾಕು, ಅಧ್ಯಕ್ಷರು ‘ತುಂಬಿದ ಕೊಡ ತುಳುಕುವುದಿಲ್ಲ’ ಅನ್ನುತ್ತಾರೆ, ಉಳಿದವರು ನಗುತ್ತಾರೆ. ನಾನು ಅರ್ಧ ಕೊಡವೇ ಇರಬೇಕು ಅಂದುಕೊಂಡು ಎರಡು ತಿಂಗಳಿಂದ ಮೌನವ್ರತ ಹಿಡಿದಿದ್ದೀರಿ. ಮನಸ್ಸು ಮಾತ್ರ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ ಅಂತ ಕೇಳಿದ್ದೀರಿ.

ಪತ್ರದ ಕೊನೆಗೆ, ಹೋಗಲಿ ಬಿಡಿ ಅನ್ನುವ ಹಾಗೆ ಒಂದು ಸಾಲಿದೆ: ‘ರಾಮನವಮಿ ಪಾನಕ-ಕೋಸಂಬರಿಯ ಲೆಕ್ಕ ಕೇಳಿದ ದಿನದಿಂದ ಹೀಗೆ.’ ಅಲ್ಲಮ್ಮಾ, ಮೊದಲು ಬರೆಯಬೇಕಿದ್ದದ್ದೇ ಇದು!

ಗಾದೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸೊಂಟದ ಮೇಲಿನ ಕೊಡದಲ್ಲಿ ನೀರು ಹೊಟ್ಟೆಯ ಮಟ್ಟಕ್ಕಿದ್ದರೆ ಅದಕ್ಕೆ ಓಲಾಡಲು ಅಗಲ ಜಾಗ. ಹೆಜ್ಜೆಗೊಮ್ಮೆ ಒಂದು ಬದಿಗೆ ಏರಿ ಬಡಿಯುತ್ತದೆ. ಕಂಠದವರೆಗೆ ತುಂಬಿದರೆ ನೀರಿನ ಮೇಲ್ಮೈ ಕಂಠದಷ್ಟೇ ಕಿರಿದು, ಓಲಾಟ ಅಲ್ಲೇ ಅಡಗುತ್ತದೆ. ಪೂರ್ತಿ ಖಾಲಿ ಕೊಡವೂ ತುಳುಕುವುದಿಲ್ಲ. ಘಟಂ ಖಾಲಿಯಿದ್ದೇ ನುಡಿಯುತ್ತದೆ, ಅದನ್ನು ಯಾರೂ ಹಳಿಯುವುದಿಲ್ಲ. ಗಾದೆ ಬೈಯುವುದು ಅರೆಬರೆ ತಿಳಿದು ಎಲ್ಲ ಬಲ್ಲವರಂತೆ ಮೆರೆಯುವುದನ್ನು. ಲೆಕ್ಕ ಕೇಳುವುದು ಅದರಲ್ಲಿ ಎಲ್ಲಿ ಬಂತು?

ಪಾಲಿ ಭಾಷೆಯ ಬೌದ್ಧ ಗ್ರಂಥ ಸುತ್ತನಿಪಾತದ ನಾಲಕ ಸುತ್ತದಲ್ಲೂ ಇದೇ ಹೋಲಿಕೆ: ಕಿರುತೊರೆ ಸದ್ದು ಮಾಡುತ್ತ ಹರಿಯುತ್ತದೆ, ಕಡಲು ಸುಮ್ಮನಿರುತ್ತದೆ, ಮೂಢ ಅರ್ಧ ಕೊಡ, ಪಂಡಿತ ತುಂಬಿದ ಮಡು. ಬಾಯಿ ಮುಚ್ಚಿಸುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಅದರ ಮುಂದಿನ ಗಾಥೆಯಲ್ಲೇ, ಬಲ್ಲ ಶ್ರಮಣ ಅರ್ಥವುಳ್ಳದ್ದನ್ನು ಬಹಳವೇ ಮಾತಾಡುತ್ತಾನೆ ಎಂದಿದೆ.

ನನಗೆ ಅಧ್ಯಕ್ಷರ ಮೇಲಿಗಿಂತ ಹೆಚ್ಚು ಸಿಟ್ಟು ಬಂದದ್ದು ನಿಮ್ಮ ಪಕ್ಕ ಕೂತು ತಾಳ ಹಾಕುವ ಗೆಳತಿಯ ಮೇಲೆ. ನಿಮ್ಮ ಜೊತೆ ರಸೀದಿ ಹರಿದು ಚಂದಾ ಎತ್ತಿದವರು ಅವರೇ. ಈಗ ಅವರೂ ನಗುತ್ತಾರೆ!

ಕೇಳಬೇಕಾದ ಮಾತು ಗಂಟಲಲ್ಲಿ ಸಿಕ್ಕಿಕೊಂಡಿರುವಾಗ ನಾಲಿಗೆ ಕಟ್ಟಿ ಏನು ಬಂತು, ಒಳಗೆ ತುಳುಕಾಟ ನಡೆದೇ ಇರುತ್ತದೆ. ಮೌನ ಬೇಕೇ ಇದ್ದರೆ ಬೆಳಗ್ಗೆ ಅರ್ಧ ಗಂಟೆ ಸಾಕು. ವಾಟ್ಸಾಪ್‌ನಲ್ಲಿ ಟೈಪ್ ಮಾಡುವುದೂ ಮಾತೇ.

ಮಾಡಬೇಕಾದ್ದು ಒಂದೇ. ಈ ಶನಿವಾರ ಮಂಗಳಾರತಿ ಮುಗಿದು ಪ್ರಸಾದ ಹಂಚುವ ಮುನ್ನ ಎದ್ದು ನಿಂತು ಕೇಳಿ: ‘ಚಂದಾ ಎಷ್ಟು ಬಂತು? ಬೆಲ್ಲ, ಹೆಸರುಬೇಳೆ, ಶಾಮಿಯಾನಕ್ಕೆ ಎಷ್ಟು ಹೋಯಿತು? ಉಳಿದದ್ದು ಯಾರ ಹತ್ತಿರ ಇದೆ? ರಸೀದಿ ಪುಸ್ತಕ ತನ್ನಿ.’ ಕಾರಣ ವಿವರಿಸಬೇಡಿ, ತಪ್ಪು ತಿಳೀಬೇಡಿ ಅನ್ನಬೇಡಿ. ಗಾದೆ ಬಂದೇ ಬರುತ್ತದೆ, ಬರಲಿ. ಉತ್ತರ ಸಿಗುವವರೆಗೆ ಕೂರಬೇಡಿ. ಆಗ ಬೇಕಾದರೆ ಮೌನವಾಗಿರಿ.