‘ಕೋಶಗಳು ಸತ್ತವು’ ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ

ನಮಸ್ಕಾರ,

ಇಲಿಯ ಸಣ್ಣ ಕರುಳಿನ ಒಳಪದರದ ಕೋಶಗಳನ್ನು ಲ್ಯಾಬಿನಲ್ಲಿ ಬೇರ್ಪಡಿಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ.

ವಿಜ್ಞಾನದ ಮಹತ್ವ ಸಾರುವ ಮೊದಲ ಎರಡು ಪುಟ ತೆಗೆದುಬಿಡಿ. ಕರುಳನ್ನು ಉದ್ದಕ್ಕೆ ಸೀಳಿ ತಣ್ಣನೆಯ ಉಪ್ಪಿನ ದ್ರಾವಣದಲ್ಲಿ ತೊಳೆಯುವ ಕಡೆಯಿಂದ ಶುರುಮಾಡಿ. ‘ಇಲಿಯನ್ನು ಬಲಿದಾನ ಮಾಡಲಾಯಿತು’ ಅಂದರೆ ಏನು? ಯಾರಿಗೆ ಬಲಿ? ಇದು ಇಂಗ್ಲಿಷ್ ಲ್ಯಾಬ್ ಮಾತಿನ ಅನುವಾದ. ಪ್ರಾಣಿಪ್ರಯೋಗ ಸಮಿತಿಯ ಅನುಮತಿ ಪಡೆದು ಕೊಂದೆವು ಎನ್ನಿ. ‘ಅನುಲೇಪಕ ಅಂಗಾಂಶ’ ಒಂದು ಸಲ ಬಂದರೆ ಸಾಕು, ಮುಂದೆಲ್ಲ ‘ಒಳಪದರ’ ಅಂತಲೇ ಬರೆಯಿರಿ.

ಒಂದು ದೊಡ್ಡ ತಪ್ಪಿದೆ. ‘ಇಡಿಟಿಎ ಎಂಬ ಕಿಣ್ವ ಕೋಶಗಳನ್ನು ಕತ್ತರಿಸುತ್ತದೆ’ ಎಂದಿದ್ದೀರಿ. ಅದು ಕಿಣ್ವವೇ ಅಲ್ಲ, ಏನನ್ನೂ ಕತ್ತರಿಸುವುದೂ ಇಲ್ಲ. ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ. ಅಕ್ಕಪಕ್ಕದ ಕೋಶಗಳನ್ನು ಜೋಡಿಸಿ ಹಿಡಿಯುವ ಕ್ಯಾಡ್‌ಹೆರಿನ್ ಪ್ರೋಟೀನಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಅದು ಸಿಗದಿದ್ದರೆ ಹಿಡಿತ ಸಡಿಲ. ಆಮೇಲೆ ಟ್ಯೂಬ್ ಅಲುಗಾಡಿಸಿದರೆ ಒಳಪದರ ಕಳಚಿ ಬರುತ್ತದೆ. ಮೊದಲು ಬೆರಳಿನಂಥ ವಿಲ್ಲೈ, ಕೊನೆಗೆ ಅವುಗಳ ಬುಡದ ಗುಂಡಿಗಳು, ಅಂದರೆ ಕ್ರಿಪ್ಟ್‌ಗಳು.

ಈ ಸರದಿಯಲ್ಲೇ ಕಥೆ ಇದೆ, ಅಲ್ವಾ? ಹೆಚ್ಚಿನ ಕೋಶಗಳು ಕ್ರಿಪ್ಟಿನಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತಾ 3ರಿಂದ 5 ದಿನದಲ್ಲಿ ವಿಲ್ಲೈ ತುದಿಯಿಂದ ಉದುರುತ್ತವೆ. ಹಾಗಾಗಿ ಟ್ಯೂಬಿಗೆ ಮುದುಕರು ಮೊದಲು ಬರುತ್ತಾರೆ, ಎಳೆಯರು ಕೊನೆಗೆ. ಹೊಸ ಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳು ಇರುವುದು ಕ್ರಿಪ್ಟಿನ ಬುಡದಲ್ಲೇ. ಅವು ಬೇಕಾದವರು ಅಕ್ಕಿ ತೊಳೆದ ಮೊದಲ ನೀರಿನ ಹಾಗೆ ಮೊದಲ ತೊಳೆತವನ್ನು ಚೆಲ್ಲುತ್ತಾರೆ. ನೀವು ‘ಮೂರು ಬಾರಿ ತೊಳೆಯಬೇಕು’ ಎಂದು ದಾಟಿಬಿಟ್ಟಿದ್ದೀರಿ.

ಇನ್ನು ಆ ಸಾಲು. ‘ಮೊದಲ ಸಲ ಕೋಶಗಳೆಲ್ಲ ಸತ್ತವು.’ ನಾನು ಅಲ್ಲೇ ನಿಂತೆ, ನೀವು ನಿಲ್ಲಲಿಲ್ಲ. ಆಸರೆ ತಪ್ಪಿದ ಒಳಪದರದ ಕೋಶ ತಾನಾಗಿಯೇ ಸಾಯತೊಡಗುತ್ತದೆ. ಅನೋಯಿಕಿಸ್ ಅಂತ ಅದಕ್ಕೆ ಹೆಸರೇ ಇದೆ. ಮಂಜುಗಡ್ಡೆ, ಆತುರ, ಈ ಸಾವನ್ನು ತಡೆಯಲು ಹಾಕುವ ವೈ-27632 ಎಂಬ ರಾಸಾಯನಿಕ ಎಲ್ಲ ಬರುವುದು ಇದೇ ಭಯಕ್ಕೆ. 2009ರಲ್ಲಿ ನೆದರ್ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ತಂಡ ಒಂದೇ ಕಾಂಡಕೋಶದಿಂದ ಪುಟ್ಟ ಕರುಳಿನಂಥ ರಚನೆ ಬೆಳೆಸಿದ್ದು ಯಾಕೆ ದೊಡ್ಡ ಸುದ್ದಿಯಾಯಿತು ಅನ್ನೋದು ಈ ಸಾವು ಗೊತ್ತಿದ್ದರೆ ಮಾತ್ರ ಓದುಗರಿಗೆ ತಿಳಿಯುತ್ತದೆ. ನಿಮ್ಮ ಲೇಖನದಲ್ಲಿ ಕ್ಲೆವರ್ಸ್ ಸುದ್ದಿ ಬಾಲದ ಹಾಗೆ ಕೊನೆಯಲ್ಲಿ ನೇತಾಡುತ್ತಿದೆ.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಕ್ರಿಪ್ಟ್‌ಗಳ ಫೋಟೊ ನೀವೇ ತೆಗೆದದ್ದಿದ್ದರೆ, ಮಸುಕಾಗಿದ್ದರೂ ಪರವಾಗಿಲ್ಲ, ಜೊತೆಗಿಡಿ. ಎಲ್ಲಿಂದಲೋ ಎತ್ತಿಕೊಂಡ ಬಣ್ಣಬಣ್ಣದ ಕರುಳಿನ ಚಿತ್ರ ಬೇಡ.