ಚರಂಡಿ ನೀರಿನಲ್ಲಿ ವೈರಸ್ಸಿನ ಕುರುಹು ಎಷ್ಟು ದಿನ?

ಪ್ರಶ್ನೆ: ಕೊರೊನಾ ವೈರಸ್ಸಿನ ಆರ್‌ಎನ್‌ಎ (ಅದರ ಆನುವಂಶಿಕ ವಸ್ತು) ಚರಂಡಿ ನೀರಿನಲ್ಲಿ 8 ದಿನ ಉಳಿಯುತ್ತದೆ ಎಂದು ಒಂದು ಕಡೆ ಓದಿದೆ, 28 ದಿನ ಎಂದು ಇನ್ನೊಂದು ಕಡೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಉಷ್ಣಾಂಶ ಮಾತ್ರ ಬೇರೆ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಂಸ್ಕರಿಸದ ಕೊಳಚೆ ನೀರಿನಲ್ಲಿದ್ದ ಆರ್‌ಎನ್‌ಎಯ ಶೇ 90ರಷ್ಟು ನಶಿಸಲು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8 ದಿನ, 25 ಡಿಗ್ರಿಯಲ್ಲಿ 12.6 ದಿನ, 4 ಡಿಗ್ರಿಯಲ್ಲಿ ಸುಮಾರು 28 ದಿನ ಹಿಡಿಯಿತು. ಶೇ 90 ಎಂಬುದನ್ನು ಗಮನಿಸಿ. ಇದು ಆರ್‌ಎನ್‌ಎ ಪೂರ್ತಿ ಮಾಯವಾಗುವ ಅವಧಿಯಲ್ಲ, ಕರಗುವ ವೇಗ. ಲೀಟರಿಗೆ ಆರ್‌ಎನ್‌ಎಯ 10 ಲಕ್ಷ ಪ್ರತಿಗಳಿದ್ದು, ನಿಮ್ಮ ಪರೀಕ್ಷೆ ಸಾವಿರದವರೆಗೆ ಗುರುತಿಸಬಲ್ಲದಾದರೆ, 25 ಡಿಗ್ರಿಯಲ್ಲಿ ಅದು ಕಣ್ಮರೆಯಾಗಲು ಅಂಥ ಮೂರು ಅವಧಿ, ಅಂದರೆ ಸುಮಾರು 38 ದಿನ ಬೇಕು. ಹತ್ತು ಸಾವಿರದಿಂದಲೇ ಶುರುವಾದರೆ ಒಂದೇ ಅವಧಿ ಸಾಕು. ಆದ್ದರಿಂದ ಆರಂಭದ ಪ್ರಮಾಣ ಹೇಳದೆ ‘ಇಷ್ಟು ದಿನ’ ಎನ್ನುವುದಕ್ಕೆ ಅರ್ಥವಿಲ್ಲ.

ಪ್ರಶ್ನೆ: ಆರ್‌ಎನ್‌ಎ ಅಷ್ಟು ದಿನ ಇದ್ದರೆ ಆ ನೀರಿನಿಂದ ಸೋಂಕೂ ಅಷ್ಟು ದಿನ ತಗಲುತ್ತದೆಯೇ?

ಉತ್ತರ: ಇಲ್ಲ. ಸೋಂಕು ತಗುಲಿಸುವ ಶಕ್ತಿ ಬಹಳ ಮೊದಲೇ ಹೋಗುತ್ತದೆ. 20 ಡಿಗ್ರಿಯಲ್ಲಿ ಸುಮಾರು ಒಂದೂವರೆ ದಿನದಲ್ಲೇ ಅದರ ಶೇ 90ರಷ್ಟು ಕುಸಿಯುವುದು ಪ್ರಯೋಗಗಳಲ್ಲಿ ಕಂಡಿದೆ. ಈ ವೈರಸ್ಸಿನ ಹೊರಪೊರೆ ಕೊಬ್ಬಿನದು. ಸೋಪು, ಮಾರ್ಜಕ ತಾಗಿದರೆ ಹರಿಯುತ್ತದೆ. ಆರ್‌ಎನ್‌ಎಯನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಹುಡುಕುವುದಾದರೋ ಸುಮಾರು 30 ಸಾವಿರ ಅಕ್ಷರಗಳ ಜೀನೋಮಿನಲ್ಲಿ (ವೈರಸ್ಸಿನ ಇಡೀ ಆರ್‌ಎನ್‌ಎಯಲ್ಲಿ) ಎಪ್ಪತ್ತು–ನೂರು ಅಕ್ಷರಗಳ ಒಂದು ತುಣುಕನ್ನು. ಉಳಿದದ್ದೆಲ್ಲ ಛಿದ್ರವಾಗಿದ್ದರೂ ಆ ತುಣುಕು ಸಿಕ್ಕರೆ ಫಲಿತಾಂಶ ಪಾಸಿಟಿವ್.

ಪ್ರಶ್ನೆ: ಊರಿನ ಸೋಂಕಿನ ಮಟ್ಟ ತಿಳಿಯಲು ತೆಗೆದ ಚರಂಡಿ ನೀರಿನ ಮಾದರಿ ಪ್ರಯೋಗಾಲಯಕ್ಕೆ ತಲುಪುವುದು ಮೂರು ದಿನ ತಡವಾದರೆ ಅದನ್ನು ಎಸೆಯಬೇಕೇ?

ಉತ್ತರ: 4 ಡಿಗ್ರಿಯಲ್ಲೇ ಇಟ್ಟಿದ್ದರೆ ಎಸೆಯಬೇಡಿ. ಮೇಲಿನ ವೇಗದ ಪ್ರಕಾರ ಮೂರು ದಿನಕ್ಕೆ ನಷ್ಟ ಶೇ 22ರಷ್ಟು; 25 ಡಿಗ್ರಿಯಲ್ಲಿ ಬಿಟ್ಟಿದ್ದರೆ ಶೇ 42. ಹಾಗಿದ್ದರೂ 24 ಗಂಟೆಯೊಳಗೆ ಸಂಸ್ಕರಿಸುವುದೇ ಒಳ್ಳೆಯದು. ತಡವಾಗುತ್ತದೆಂದು ಕೊಳಚೆ ನೀರನ್ನೇ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸುವವರಿದ್ದಾರೆ. ಇದು ಹಲವು ಬಾರಿ ಫ್ರಿಜ್ಜಿಗಿಂತ ಹೆಚ್ಚು ಹಾನಿ ಮಾಡುತ್ತದೆ: ಮಂಜಿನ ಹರಳು ವೈರಸ್ಸಿನ ಪೊರೆ ಸೀಳುತ್ತದೆ, ಕರಗಿದ ಕೂಡಲೇ ನೀರಿನಲ್ಲಿರುವ ಕಿಣ್ವಗಳು ಬಯಲಾದ ಆರ್‌ಎನ್‌ಎಯನ್ನು ಕತ್ತರಿಸುತ್ತವೆ. ಮೊದಲು ಸಾಂದ್ರೀಕರಿಸಿ, ಆರ್‌ಎನ್‌ಎ ಬೇರ್ಪಡಿಸಿ, ಅದನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ. ಪ್ರತಿ ಪಾಲನ್ನೂ ಒಮ್ಮೆ ಮಾತ್ರ ಕರಗಿಸಿ. ನೀರಿಗೆ ಕ್ಲೋರಿನ್ ಬಿದ್ದಿದ್ದರೆ ಮಾದರಿ ತುಂಬುವ ಬಾಟಲಿಯಲ್ಲಿ ಮೊದಲೇ ಕ್ಲೋರಿನ್ನನ್ನು ನಿಷ್ಕ್ರಿಯಗೊಳಿಸುವ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮುಂದುವರಿಸುತ್ತದೆ.

ಒಂದು ಎಚ್ಚರಿಕೆ. ನೀರಿನಲ್ಲಿರುವ ಮಲದ ಪ್ರಮಾಣದ ಏರಿಳಿತ ಸರಿದೂಗಿಸಲು, ಊಟದ ಮೂಲಕ ಮಲಕ್ಕೆ ಸೇರುವ ಮೆಣಸಿನ ಗಿಡದ ವೈರಸ್ಸಾದ ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ಸನ್ನು ಜೊತೆಗೆ ಅಳೆಯುವುದು ವಾಡಿಕೆ. ಅದು ಬಲು ಗಟ್ಟಿ. ಬೆಚ್ಚಗೆ ಕೆಟ್ಟುಹೋದ ಮಾದರಿಯಲ್ಲೂ ಅದರ ಅಂಕಿ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಕೊರೊನಾದ್ದು ಇಳಿದಿರುತ್ತದೆ. ಎರಡರ ಅನುಪಾತ ನೋಡಿದವರಿಗೆ ಊರಿನಲ್ಲಿ ಸೋಂಕೇ ತಗ್ಗಿದಂತೆ ಕಾಣುತ್ತದೆ. ಅದಕ್ಕಾಗಿ ಪ್ರತಿ ಮಾದರಿಯ ಜೊತೆ ಸಂಗ್ರಹಿಸಿದ ಗಂಟೆ ಮತ್ತು ತಲುಪಿದಾಗಿನ ಉಷ್ಣಾಂಶವನ್ನು ತಪ್ಪದೆ ಬರೆದಿಡಿ.