ತೆರಿಗೆ ಮಿತಿ ರಾಜ್ಯದ ಸಂವಿಧಾನದಲ್ಲಿರಬೇಕಾ, ಸಾಮಾನ್ಯ ಕಾನೂನಿನಲ್ಲಿದ್ದರೆ ಸಾಕಾ?

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ, ಈ ಪ್ರಶ್ನೆ ಹುಟ್ಟುವುದೇ ಅದರಿಂದ. ನನ್ನ ಪ್ರಕಾರ ಕಾನೂನಿನಲ್ಲಿದ್ದರೆ ಸಾಕು.

ಕ್ಯಾಲಿಫೋರ್ನಿಯಾ ನೋಡಿ. 1978ರಲ್ಲಿ ಜನರೇ ಮತ ಹಾಕಿ 'ಪ್ರಪೊಸಿಷನ್ 13' ಎಂಬ ತಿದ್ದುಪಡಿಯನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಆಸ್ತಿ ತೆರಿಗೆಯ ಮೂಲ ದರ ಶೇ. 1 ದಾಟುವಂತಿಲ್ಲ. ತೆರಿಗೆಗೆ ಹಿಡಿಯುವ ಬೆಲೆಯೂ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಮನೆ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾರುಕಟ್ಟೆ ಬೆಲೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅಕ್ಕಪಕ್ಕದ ಒಂದೇ ಥರದ ಮನೆಗಳಲ್ಲಿ, ಹೊಸದಾಗಿ ಕೊಂಡವರು ಹಳಬರಿಗಿಂತ ಎಷ್ಟೋ ಪಟ್ಟು ಜಾಸ್ತಿ ಕಟ್ಟುತ್ತಾರೆ. ಇದು ಅನ್ಯಾಯ ಅಲ್ವಾ? ಸರಿಪಡಿಸಬೇಕೆಂದರೆ ಮತ್ತೆ ಜನರ ಮತಕ್ಕೇ ಹೋಗಬೇಕು.

ಮ್ಯಾಸಚೂಸೆಟ್ಸ್‌ನಲ್ಲೂ 1980ರಲ್ಲಿ ಜನರ ಮತದಿಂದಲೇ ಆಸ್ತಿ ತೆರಿಗೆಗೆ ಶೇ. 2.5ರ ಮಿತಿ ಬಂತು. ಅದು ಸಾಮಾನ್ಯ ಕಾನೂನು. ಶಾಸನಸಭೆ ಮರುವರ್ಷವೇ ಅದರ ತೊಡಕುಗಳನ್ನು ತಿದ್ದಿತು. ಕಾನೂನಾದರೆ ರಾಜಕಾರಣಿಗಳು ಅಳಿಸಿಹಾಕುತ್ತಾರೆ ಅನ್ನುವ ಭಯ ಸಹಜ, ಆದರೆ ಅಲ್ಲಿ ಮಿತಿ ಇವತ್ತಿಗೂ ಉಳಿದಿದೆ.

ನಮ್ಮ ವೃತ್ತಿ ತೆರಿಗೆಯದ್ದೂ ಇದೇ ಕಥೆ. ವರ್ಷಕ್ಕೆ 2,500 ರೂಪಾಯಿ ಮಿತಿ ಭಾರತ ಸಂವಿಧಾನದ 276ನೇ ವಿಧಿಯಲ್ಲೇ ಇದೆ. 1988ರಿಂದ ಆ ಅಂಕಿ ಬದಲಾಗಿಲ್ಲ. ಕರ್ನಾಟಕಕ್ಕೆ ಬೇಕೆನಿಸಿದರೂ ಸಂಸತ್ತು ತಿದ್ದುಪಡಿ ಮಾಡುವವರೆಗೆ ಕಾಯಬೇಕು.